ಮರೆವಿನ ಕಾಯಿಲೆಯವರ ಆರೈಕೆ: ಕಾಸರಗೋಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಅಪ್ಪ ಕುಂಬಳೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು. ಡಿಮೆನ್ಶಿಯಾ ಬಂದ ಮೇಲೆ ಎಂಟು ವರ್ಷ ಬದುಕಿದ್ದರು. ಅಷ್ಟೂ ಕಾಲ ಮನೆಯಲ್ಲೇ ನಾನು, ನನ್ನ ಹೆಂಡತಿ ನೋಡಿಕೊಂಡೆವು. ಅವರು ಹೋದ ಮೇಲೆ ಪಂಚಾಯತಿನ ಪಾಲಿಯೇಟಿವ್ ತಂಡದ (ವಾಸಿಯಾಗದ ಕಾಯಿಲೆಯವರನ್ನು ಮನೆಗೇ ಬಂದು ನೋಡುವ ತಂಡ) ಜೊತೆ ವಾಲಂಟಿಯರ್ ಆಗಿ ಮನೆ ಮನೆಗೆ ಹೋಗುತ್ತಿದ್ದೇನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ವಾಟ್ಸ್ಯಾಪಿನಲ್ಲಿ, ಅಪರೂಪಕ್ಕೆ ಕಾಗದ ಬರೆದೂ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ, ಔಷಧಿಯ ತೀರ್ಮಾನ ನಿಮ್ಮ ಡಾಕ್ಟರದ್ದು.

## ಶುರುವಿನಲ್ಲಿ ಕೇಳುವುದು

ಅರುವತ್ತಕ್ಕೆ ಅರಳುಮರಳು ಅಂತಾರಲ್ಲ, ವಯಸ್ಸಾದವರ ಮರೆವಿಗೂ ಈ ಕಾಯಿಲೆಗೂ ಏನು ವ್ಯತ್ಯಾಸ?

ಅಪ್ಪನಲ್ಲಿ ನಮಗೆ ಮೊದಲು ಕಂಡದ್ದು ಚಿಲ್ಲರೆಯ ವಿಷಯ. ಇಡೀ ಜೀವನ ಬಾಯಲ್ಲೇ ಲೆಕ್ಕ ಮಾಡಿದವರು ನೂರರ ನೋಟು ಕೈಯಲ್ಲಿ ಹಿಡಿದು ಸುಮ್ನೆ ನಿಂತುಬಿಡುತ್ತಿದ್ದರು. ಒಂದು ಹೆಸರು ಮರೆತು ಸಂಜೆ ಹೊತ್ತಿಗೆ ನೆನಪಾದರೆ ಅದು ವಯಸ್ಸಿನ ಮರೆವು. ವರ್ಷಗಟ್ಟಲೆ ಮಾಡಿದ ಕೆಲಸವೇ ಕೈತಪ್ಪುವುದು, ಅದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ಐದು ಸಲ ಕೇಳುವುದು, ದಿನಾ ನಡೆಯುವ ದಾರಿ ತಪ್ಪುವುದು, ಪದ ಸಿಗದೆ 'ಅದು, ಅದು' ಎಂದು ತಡವರಿಸುವುದು, ಇವೆಲ್ಲ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು. 2023ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಮಂದಿಗೆ ಡಿಮೆನ್ಶಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ. ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇಲ್ಲ ಅಲ್ವಾ? ಹಾಗಾಗಿ ವಯಸ್ಸಾದರೆ ಎಲ್ಲರಿಗೂ ಇರುವುದೇ ಎಂದು ಬಿಟ್ಟುಬಿಡಬೇಡಿ.

ಡಿಮೆನ್ಶಿಯಾ, ಆಲ್‌ಜೈಮರ್, ಎರಡೂ ಒಂದೇನಾ?

ಡಿಮೆನ್ಶಿಯಾ ಎನ್ನುವುದು ಲಕ್ಷಣಗಳ ಗುಂಪಿನ ಹೆಸರು, ಜ್ವರ ಅಂದ ಹಾಗೆ. ಅದಕ್ಕೆ ಕಾರಣವಾಗುವ ಕಾಯಿಲೆಗಳಲ್ಲಿ ಆಲ್‌ಜೈಮರ್ ಹೆಚ್ಚು ಸಾಮಾನ್ಯ. ಮೆದುಳಿನ ರಕ್ತನಾಳ ಕಟ್ಟಿ ಬರುವುದು, ಲೂಯಿ ಬಾಡಿ, ಫ್ರಂಟೋಟೆಂಪೊರಲ್ ಎಂದು ಬೇರೆಯವೂ ಇವೆ. ಆಸ್ಪತ್ರೆಯ ಗೋಡೆಯಲ್ಲಿ ಮಲಯಾಳಂನಲ್ಲಿ 'ಮರವಿರೋಗಂ' ಎಂದು ಬರೆದಿರುವುದು ಇದನ್ನೇ.

ಯಾರಿಗೆ ತೋರಿಸಬೇಕು? ಮಂಗಳೂರಿಗೇ ಹೋಗಬೇಕಾ?

ಮೊದಲು ಹತ್ತಿರದ ಕುಟುಂಬಾರೋಗ್ಯ ಕೇಂದ್ರಕ್ಕೆ ಹೋಗಿ. ಯಾಕೆಂದರೆ ಮರೆವಿನ ಹಾಗೆ ಕಾಣುವ, ಆದರೆ ಚಿಕಿತ್ಸೆಯಿಂದ ಸುಧಾರಿಸಬಹುದಾದ ತೊಂದರೆಗಳು ಕೆಲವಿವೆ. ಬಿ12 ಕಮ್ಮಿಯಾಗಿರಬಹುದು. ಥೈರಾಯ್ಡ್ ಇರಬಹುದು. ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಖಿನ್ನತೆ ಇರಬಹುದು. ಯಾವಾಗಲೋ ಅಂಗಳದಲ್ಲಿ ಜಾರಿ ಬಿದ್ದು ತಲೆಯೊಳಗೆ ರಕ್ತ ನಿಂತಿರಬಹುದು. ಶೀತಕ್ಕೆ, ತುರಿಕೆಗೆ, ನಿದ್ದೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ತಲೆಯನ್ನು ಮಂಕು ಮಾಡುತ್ತವೆ. ಹಾಗಾಗಿ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ತೆಗೆದುಕೊಂಡು ಹೋಗಿ. ಆಮೇಲೆ ನರರೋಗ ತಜ್ಞರು ಅಥವಾ ಮನೋರೋಗ ತಜ್ಞರು ನೋಡಬೇಕು. ಸ್ಕ್ಯಾನಿಗೆ ನಮ್ಮವರು ಹೆಚ್ಚಾಗಿ ಮಂಗಳೂರಿಗೇ ಹೋಗುವುದು, ಅದು ಸರಿಯೇ. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ ಎಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆಚೆಗಿನ ಡಾಕ್ಟರನ್ನೇ ನಂಬಿದ್ದ ಮನೆಗಳು ಪಟ್ಟ ಪಾಡು ನೋಡಿದವನು ನಾನು. ಈಚೆ ಒಬ್ಬ ಡಾಕ್ಟರಿಗೆ ನಿಮ್ಮವರ ಪರಿಚಯ ಇರಲಿ. ಚೀಟಿಗಳ ಫೋಟೋ ಮೊಬೈಲಿನಲ್ಲಿರಲಿ.

ಅಮ್ಮನಿಗೆ ಮಲಯಾಳಂ ಸರಿಯಾಗಿ ಬರಲ್ಲ. ನೆನಪಿನ ಪರೀಕ್ಷೆ ಮಲಯಾಳಂನಲ್ಲೇ ಮಾಡಿದ್ರು, ಮಾರ್ಕ್ ತೀರಾ ಕಮ್ಮಿ ಬಂತು. ಅದನ್ನು ನಂಬಬಹುದಾ?

ಪೂರ್ತಿ ನಂಬಬೇಡಿ. ಅಲ್ಲಿ ಅಳೆದದ್ದು ನೆನಪಿನ ಶಕ್ತಿಯನ್ನೋ, ಮಲಯಾಳಂ ಜ್ಞಾನವನ್ನೋ ಎಂದು ಹೇಳುವುದು ಕಷ್ಟ. ಓದು ಬರಹ ಕಮ್ಮಿ ಇದ್ದವರಿಗೂ ಇದೇ ಅನ್ಯಾಯ ಆಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮಾಡಿಸಿದ ಪರೀಕ್ಷೆಯ ಸೆಟ್ಟು ಐದು ಭಾರತೀಯ ಭಾಷೆಗಳಲ್ಲಿ ಬಂದಿದೆ. ಅದರಲ್ಲಿ ಕನ್ನಡವೂ ಇದೆ, ಮಲಯಾಳಂ ಕೂಡ ಇದೆ. 'ಕನ್ನಡದಲ್ಲಿ ಮಾಡಿ' ಎಂದು ಕೇಳುವುದಕ್ಕೆ ಸಂಕೋಚ ಪಡಬೇಡಿ. ಮನೆ ಮಾತು ತುಳುವೋ, ಕೊಂಕಣಿಯೋ, ಹವ್ಯಕವೋ ಆಗಿದ್ದರೆ ಅದನ್ನು ಚೀಟಿಯ ಮೇಲೆ ಬರೆಸಿ. ಕಿವಿ ಮಂದ ಇದ್ದರೆ ಅದನ್ನೂ ಮೊದಲೇ ಹೇಳಿ.

ನಮಗೆ ನಾಲ್ಕೈದು ಭಾಷೆ ಬರ್ತದೆ. ಭಾಷೆ ಜಾಸ್ತಿ ಗೊತ್ತಿದ್ರೆ ಈ ಕಾಯಿಲೆ ಬರಲ್ವಂತೆ, ಹೌದಾ?

ಬರಬಹುದು, ಆದರೆ ತಡವಾಗಿ. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಡಿಮೆನ್ಶಿಯಾ ಇದ್ದ 648 ಮಂದಿಯನ್ನು ನೋಡಿ 2013ರಲ್ಲಿ ಬರೆದರು: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಹೀಗೇ ಇತ್ತು. ಏಳು ಭಾಷೆಯ ನಾಡು ಎಂದು ನಾವು ಹೇಳಿಕೊಳ್ಳುವ ಕಾಸರಗೋಡಿಗೆ ಇದು ಸಂತೋಷದ ಸುದ್ದಿ. ಆದರೆ ಕಾಯಿಲೆ ಬಂದ ಮೇಲೆ ಇದೇ ಭಾಷೆಗಳು ಆರೈಕೆಯನ್ನು ಹೇಗೆ ಕಷ್ಟ ಮಾಡುತ್ತವೆ ಎಂದು ಮುಂದೆ ಹೇಳುತ್ತೇನೆ.

## ಒಬ್ಬೊಬ್ಬರಿಗೆ ಒಂದೊಂದು ಥರದ ಆರೈಕೆ

ಅವರವರಿಗೆ ತಕ್ಕ ಆರೈಕೆ ಅಂತೀರಲ್ಲ, ಊಟ, ಸ್ನಾನ, ಮಾತ್ರೆ ಸರಿಯಾಗಿ ಕೊಟ್ರೆ ಸಾಲದಾ?

ನಾನೂ ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಹೊತ್ತಿಗೆ ಸರಿಯಾಗಿ ಎಲ್ಲ ಮಾಡುತ್ತಿದ್ದೆವು. ಆದರೂ ಅಪ್ಪ ದಿನಾ ಸಿಟ್ಟಿನಲ್ಲಿರುತ್ತಿದ್ದರು. ಬೆಳಿಗ್ಗೆ ಏಳಕ್ಕೆ ಎಬ್ಬಿಸಿ ಸ್ನಾನ ಮಾಡಿಸಿ ತಿಂಡಿ ಕೊಡುತ್ತಿದ್ದೆವು, ಅದು ನಮ್ಮ ಅನುಕೂಲದ ಹೊತ್ತು. ಅವರು ನಲವತ್ತು ವರ್ಷ ನಾಲ್ಕೂವರೆಗೆ ಎದ್ದು, ಬೆಲ್ಲದ ಕಾಫಿ ಕುಡಿದು, ಐದೂವರೆಗೆ ಅಂಗಡಿಯ ಹಲಗೆ ತೆಗೆದವರು. ಸ್ನಾನ ಮಧ್ಯಾಹ್ನ ಮನೆಗೆ ಬಂದ ಮೇಲೆ. ಅವರ ಮೈಗೆ ಆ ಹೊತ್ತು ಗೊತ್ತಿತ್ತು. ನಾವೇ ಅದನ್ನು ಮರೆತಿದ್ದೆವು.

ಟಾಮ್ ಕಿಟ್‌ವುಡ್ ಎಂಬ ಮನಶ್ಶಾಸ್ತ್ರಜ್ಞ ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದರು. ಕಾಯಿಲೆಗಿಂತ ಮೊದಲು ಆ ಮನುಷ್ಯನನ್ನು ನೋಡಿ ಎಂದು ಅವರು 1980, 90ರ ದಶಕಗಳಲ್ಲಿ ಪಟ್ಟು ಹಿಡಿದು ಹೇಳಿದರು. ಮೆದುಳು ಹಾಳಾಗುವುದರಿಂದ ಅರ್ಧ ತೊಂದರೆ ಬಂದರೆ, ಸುತ್ತಲಿನವರು ಗದರಿಸುವುದು, ಎದುರಿಗೇ ಇದ್ದರೂ ಇಲ್ಲದವರಂತೆ ಮಾತಾಡುವುದು, ಮಗುವಿನ ಹಾಗೆ ನಡೆಸಿಕೊಳ್ಳುವುದು ಇವುಗಳಿಂದ ಉಳಿದ ತೊಂದರೆ ಬರುತ್ತದೆ ಎನ್ನುವುದು ಅವರ ವಾದದ ತಿರುಳು. ಅರ್ಧ ಎನ್ನುವ ಲೆಕ್ಕ ನನ್ನದು, ಆದರೆ ನಮ್ಮ ಮನೆಯಲ್ಲಿ ಕಂಡದ್ದು ಹಾಗೇ. ಹೊತ್ತು ಬದಲಿಸಿದೆವು, ಬೆಲ್ಲದ ಕಾಫಿ ಕೊಟ್ಟೆವು. ಸಿಟ್ಟು ಪೂರ್ತಿ ಹೋಗಲಿಲ್ಲ, ಬಹಳ ಕಮ್ಮಿಯಾಯಿತು.

ಹಾಗಾದ್ರೆ ಅವರ ಬಗ್ಗೆ ಏನೆಲ್ಲ ಬರೆದಿಡಬೇಕು?

ಒಂದು ಇನ್ನೂರು ಪೇಜಿನ ನೋಟ್‌ಬುಕ್ ಸಾಕು. ಕಾಯಿಲೆಯ ಶುರುವಿನಲ್ಲೇ, ಅವರು ಮಾತಾಡುವ ಸ್ಥಿತಿಯಲ್ಲಿರುವಾಗಲೇ, ಅವರನ್ನು ಕೂರಿಸಿಕೊಂಡು ಬರೆಯಿರಿ. ಚಿಕ್ಕಂದಿನಲ್ಲಿ ಏನೆಂದು ಕರೆಯುತ್ತಿದ್ದರು? ಯಾವ ಮನೆಯಲ್ಲಿ ಬೆಳೆದರು? ಯಾವ ಮಗ್ಗುಲಿಗೆ ಮಲಗುತ್ತಾರೆ? ಗಂಜಿಗೆ ಉಪ್ಪಿನಕಾಯಿ ಬೇಕೋ, ಚಟ್ನಿಯೋ? ಯಾವ ದೈವ, ಯಾವ ದೇವರು, ಯಾವ ಮಸೀದಿ, ಯಾವ ಇಗರ್ಜಿ? ಹೆದರಿಕೆ ಯಾವುದಕ್ಕೆ? ಯಾರ ಜೊತೆ ಜಗಳ ಇತ್ತು, ಇದನ್ನೂ ಬರೆಯಿರಿ, ಯಾಕೆಂದರೆ ಹಳೆಯ ಜಗಳ ಇವತ್ತಿನದು ಎಂಬಂತೆ ಎದ್ದು ಬರುತ್ತದೆ. ಕೊನೆಯ ಕಾಲದಲ್ಲಿ ಆಸ್ಪತ್ರೆ ಬೇಕೋ, ಮನೆ ಬೇಕೋ ಎಂದು ಕೇಳುವ ಧೈರ್ಯ ಮಾಡಿ. ನಮಗೆ ಆ ಧೈರ್ಯ ಇರಲಿಲ್ಲ. ಆಮೇಲೆ ನಾವೇ ಊಹಿಸಬೇಕಾಯಿತು.

ಮಲಯಾಳಂ ಮಾತಾಡುವ ಹೋಂ ನರ್ಸ್ ಇಟ್ಟಿದ್ದೇವೆ. ಅಪ್ಪನಿಗೆ ಮೊದಲು ಮಲಯಾಳಂ ಚೆನ್ನಾಗಿ ಬರ್ತಿತ್ತು, ಈಗ ಏನು ಹೇಳಿದ್ರೂ ಅರ್ಥ ಆಗಲ್ಲ ಅಂತಾರೆ. ಯಾಕೆ?

ಕಡೆಗೆ ಕಲಿತ ಭಾಷೆ ಸಾಮಾನ್ಯವಾಗಿ ಮೊದಲು ಮಾಸುತ್ತದೆ, ಮಗುವಾಗಿದ್ದಾಗ ಕೇಳಿದ್ದು ಕೊನೆಗೆ ಉಳಿಯುತ್ತದೆ. ನಮ್ಮ ಅಪ್ಪ ಗಿರಾಕಿಗಳ ಜೊತೆ ಮಲಯಾಳಂ, ಕೊಂಕಣಿ ಎರಡೂ ಸಲೀಸಾಗಿ ಆಡುತ್ತಿದ್ದರು. ಮೊದಲು ಅವೆರಡು ಹೋದವು. ಲೆಕ್ಕದ ಪುಸ್ತಕದ ಕನ್ನಡ ಸ್ವಲ್ಪ ಉಳಿಯಿತು. ತುಳು ಕೊನೆಯವರೆಗೂ ಇತ್ತು.

ಒಂದು ದಿನ ಅಪ್ಪ 'ಉಚ್ಚೆ, ಉಚ್ಚೆ' ಎಂದು ಚಡಪಡಿಸುತ್ತಿದ್ದರು. ಹೋಂ ನರ್ಸ್ ಹುಡುಗಿ ಪ್ರೀತಿಯಿಂದಲೇ, ಇನ್ನೂ ಉಚ್ಚ ಆಗಿಲ್ಲ, ಊಟಕ್ಕೆ ಹೊತ್ತಿದೆ ಎಂದು ಸಮಾಧಾನ ಮಾಡುತ್ತಿದ್ದಳು. ಮಲಯಾಳಂನಲ್ಲಿ ಉಚ್ಚ ಅಂದರೆ ಮಧ್ಯಾಹ್ನ. ಅಪ್ಪನ ಪಂಚೆ ಒದ್ದೆಯಾಯಿತು, ಅವರು ಅತ್ತರು. ಅವಳ ತಪ್ಪು ಏನೂ ಇಲ್ಲ. ನಾವು ಹೇಳಿಕೊಡಬೇಕಿತ್ತು. ಇನ್ನೊಂದು ಮನೆಯಲ್ಲಿ ತುಳುವಿನ ಅಜ್ಜಿ ರಾತ್ರಿಯಿಡೀ 'ಅಪ್ಪೆ' ಎಂದು ಕರೆಯುತ್ತಿದ್ದರಂತೆ. ನೋಡಿಕೊಳ್ಳುವವರು ಅಪ್ಪನನ್ನು ಕೇಳುತ್ತಿದ್ದಾರೆ ಎಂದುಕೊಂಡಿದ್ದರು. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ ಅಲ್ವಾ.

ಇಪ್ಪತ್ತು ಮಾತು ಬರೆದು ಗೋಡೆಗೆ ಅಂಟಿಸಿ, ಮಲಯಾಳಂ ಲಿಪಿಯಲ್ಲೇ ಬರೆಯಿರಿ. ನೀರು ಬೇಕಾ ಎನ್ನುವುದಕ್ಕೆ 'ನೀರ್ ಬೋಡಾ', ನೋವಾಗುತ್ತಾ ಎನ್ನುವುದಕ್ಕೆ 'ಬೇನೆ ಆಪುಂಡಾ', ಹೆದರಬೇಡಿ ಎನ್ನುವುದಕ್ಕೆ 'ಪೋಡಿಯೊಡ್ಚಿ'. ನಿಮ್ಮ ಮನೆ ಮಾತು ಯಾವುದೋ ಅದರಲ್ಲಿ. ಮೂತ್ರ, ಮಲ, ನೋವು, ಚಳಿ, ಹಸಿವು, ಇಷ್ಟಕ್ಕೆ ನಿಮ್ಮವರು ಬಳಸುವ ಪದ ಏನೆಂದು ಆಸ್ಪತ್ರೆಗೆ ಸೇರಿಸುವಾಗಲೂ ಒಂದು ಚೀಟಿ ಕೊಡಿ.

ಇಡೀ ದಿನ ಗೋಡೆ ನೋಡ್ತಾ ಕೂತಿರ್ತಾರೆ. ಏನು ಕೆಲಸ ಕೊಡಬಹುದು?

ಟಿವಿ ಹಚ್ಚಿಟ್ಟರೆ ಅದು ಕೆಲಸ ಅಲ್ಲ. ಕೈಗೆ ಅಭ್ಯಾಸ ಇರುವುದನ್ನು ಕೊಡಿ, ಯಾಕೆಂದರೆ ಕೈ ಕಲಿತದ್ದು ತಲೆ ಕಲಿತದ್ದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ಅಪ್ಪನಿಗೆ ಹಳೇ ಪೇಪರ್, ನೂಲು, ಒಂದು ಡಬ್ಬಿ ಹೆಸರುಕಾಳು ಕೊಟ್ಟರೆ ಗಂಟೆಗಟ್ಟಲೆ ಪೊಟ್ಟಣ ಕಟ್ಟುತ್ತಿದ್ದರು. ರಾತ್ರಿ ನಾವು ಬಿಚ್ಚಿಡುತ್ತಿದ್ದೆವು, ಅವರಿಗೆ ಕಾಣದ ಹಾಗೆ. ಬೀಡಿ ಕಟ್ಟಿ ಸಂಸಾರ ಸಾಗಿಸಿದ ಒಬ್ಬ ಅಮ್ಮನಿಗೆ ಮಡಿಲಲ್ಲಿ ತಡ್ಪೆ (ಮೊರ) ಇಟ್ಟು ಬರೀ ಎಲೆ ಕೊಟ್ಟರೂ ಸಾಕಾಗುತ್ತಿತ್ತು. ತೆಂಗಿನ ಗರಿಯ ಕಡ್ಡಿಯಿಂದ ಹಿಡಿಸೂಡಿ ಕಟ್ಟುವುದು, ಮಲ್ಲಿಗೆ ಮಾಲೆ, ಬಟ್ಟೆ ಮಡಿಸುವುದು, ಅಕ್ಕಿ ಆರಿಸುವುದು ಯಾವುದೂ ಆದೀತು. ಮೆಟ್ಟುಕತ್ತಿ ಮಾತ್ರ ಬೇಡ. ತಪ್ಪಾದರೆ ತಿದ್ದಬೇಡಿ.

ತಾಳಮದ್ದಳೆಯ ಹುಚ್ಚು ಇದ್ದವರಿಗೆ ರೆಕಾರ್ಡಿಂಗ್ ಹಾಕಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಇದು. ನಿನ್ನೆಯ ಊಟ ನೆನಪಿಲ್ಲದವರು ಪದ್ಯದ ಮುಂದಿನ ಸಾಲು ಎತ್ತಿಕೊಳ್ಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

## ದಿನದಿನದ ಕಷ್ಟಗಳು

ಸಂಜೆ ಆರು ಗಂಟೆ ಆದ ಕೂಡಲೇ 'ಮನೆಗೆ ಹೋಗ್ಬೇಕು' ಅಂತ ಹಟ. ಇದೇ ಮನೆ ಅಂದ್ರೆ ಸಿಟ್ಟು. ಏನು ಮಾಡೋದು?

ಸಂಜೆ ಹೊತ್ತಿಗೆ ಗಲಿಬಿಲಿ ಹೆಚ್ಚುವುದು ಈ ಕಾಯಿಲೆಯಲ್ಲಿ ಬಹಳ ಜನರಲ್ಲಿ ಇದೆ. ದಣಿವು, ಮಬ್ಬು ಬೆಳಕು, ಉದ್ದ ನೆರಳು ಎಲ್ಲ ಸೇರುತ್ತದೆ. ಕತ್ತಲಾಗುವ ಮೊದಲೇ ಲೈಟ್ ಹಾಕಿ. ಹಗಲು ನಿದ್ದೆ ಕಮ್ಮಿ ಮಾಡಿಸಿ. ನಾಲ್ಕು ಗಂಟೆಗೇ ಏನಾದರೂ ತಿನ್ನಲು ಕೊಡಿ. ಇಷ್ಟು ಎಲ್ಲರಿಗೂ ಹೇಳಬಹುದು. ಆಮೇಲಿನದು ಅವರವರ ಕಥೆ.

ನಮ್ಮ ಅಪ್ಪನಿಗೆ ಆರೂವರೆಗೆ 'ಬಾಗಿಲು ಹಾಕ್ಬೇಕು, ಬಾಗಿಲು ಹಾಕ್ಬೇಕು' ಎಂದು ಶುರುವಾಗುತ್ತಿತ್ತು. ಅಂಗಡಿ ಮುಚ್ಚಿ ಆರು ವರ್ಷ ಆಯ್ತಪ್ಪಾ ಎಂದು ನಾನು ದಿನಾ ಹೇಳುತ್ತಿದ್ದೆ, ದಿನಾ ಜಗಳ. ಕೊನೆಗೆ ನನ್ನ ಹೆಂಡತಿ ಹಳೇ ಬೀಗದ ಕೀ ಗೊಂಚಲು ಹುಡುಕಿ ಅವರ ಕೈಗೆ ಕೊಟ್ಟಳು. ಮಾವ, ಬನ್ನಿ, ಬಾಗಿಲು ಹಾಕುವ ಎಂದಳು. ಹಿಂದಿನ ಬಾಗಿಲು, ಕೊಟ್ಟಿಗೆಯ ಬಾಗಿಲು, ಒಂದೊಂದಾಗಿ ಹಾಕಿ, ಬೀಗ ಎಳೆದು ನೋಡಿ, ಕಾಲು ತೊಳೆದು, ದೇವರ ದೀಪಕ್ಕೆ ಕೈಮುಗಿದು ಕೂತರು. ಅವತ್ತಿನಿಂದ ದಿನಾ ಅದೇ ಕ್ರಮ. 'ಮನೆಗೆ ಹೋಗ್ಬೇಕು' ಎನ್ನುವವರನ್ನೂ ಇದೇ ಮನೆ ಎಂದು ಒಪ್ಪಿಸಲು ಹೋಗಬೇಡಿ. ಆ ಮನೆಯಲ್ಲಿ ಯಾರಿದ್ದಾರೆ, ಬಾವಿ ಎಲ್ಲಿತ್ತು ಎಂದು ಕೇಳಿ. ಹೇಳುತ್ತಾ ಹೇಳುತ್ತಾ ತಣ್ಣಗಾಗುತ್ತಾರೆ.

ಅಪ್ಪ ತೀರಿಹೋಗಿ ಹತ್ತು ವರ್ಷ. ಅಮ್ಮ ದಿನಾ 'ಅವರು ಎಲ್ಲಿ, ಊಟಕ್ಕೆ ಬರ್ಲಿಲ್ಲ' ಅಂತಾರೆ. ಸುಳ್ಳು ಹೇಳಬಹುದಾ?

ತೀರಿಹೋದರು ಎಂದು ಹೇಳಿದಾಗಲೆಲ್ಲ ಅಮ್ಮ ಹೊಸದಾಗಿ ಸುದ್ದಿ ಕೇಳಿದ ಹಾಗೆ ಅಳುತ್ತಾರೆ. ಅರ್ಧ ಗಂಟೆಯ ಮೇಲೆ ಮತ್ತೆ ಕೇಳುತ್ತಾರೆ. ದಿನಕ್ಕೆ ಮೂರು ಸಲ ಒಬ್ಬರನ್ನು ವಿಧವೆ ಮಾಡುವುದು ಸತ್ಯವಂತಿಕೆ ಅಂತ ನನಗೆ ಅನ್ನಿಸುವುದಿಲ್ಲ. ಸುಳ್ಳನ್ನೂ ಕಟ್ಟಬೇಕಾಗಿಲ್ಲ. 'ಅಪ್ಪನ ನೆನಪಾಯ್ತಾ ಅಮ್ಮ? ಅವರಿಗೆ ಏನು ಸಾರು ಇಷ್ಟ ಇತ್ತು?' ಎಂದು ಪಕ್ಕದಲ್ಲಿ ಕೂತುಕೊಳ್ಳಿ. ನೇರವಾಗಿ, ಸ್ಪಷ್ಟವಾಗಿ 'ಅವರು ಸತ್ತಿದ್ದಾರಾ?' ಎಂದೇ ಕೇಳಿದರೆ ಆಗ ಮೆತ್ತಗೆ ಹೌದು ಎನ್ನಿ, ಕೈ ಹಿಡಿದುಕೊಳ್ಳಿ.

ಸ್ನಾನಕ್ಕೆ ಕರೆದ್ರೆ ಹೊಡೀಲಿಕ್ಕೆ ಬರ್ತಾರೆ.

ಹೆದರಿಕೆಯಿಂದ. ಜೀವನಪೂರ್ತಿ ಬಚ್ಚಲಿನ ಹಂಡೆಯಿಂದ ಬಿಸಿನೀರು ಮೊಗೆದು ಮಿಂದವರಿಗೆ ತಲೆಯ ಮೇಲಿಂದ ಸುರಿಯುವ ಶವರ್ ಭಯಂಕರ. ನುಣುಪು ಟೈಲ್ಸ್ ನೀರಿನ ಹಾಗೆ ಕಾಣುತ್ತದೆ, ಕಪ್ಪು ಮ್ಯಾಟ್ ಗುಂಡಿಯ ಹಾಗೆ. ಬಾಲ್ದಿ, ಚೊಂಬು, ಕೂರಲು ಸ್ಟೂಲ್ ಇಡಿ. ಮೊದಲು ಅವರ ಕೈಗೇ ನೀರು ಹಾಕಿ, ಆಮೇಲೆ ಕಾಲು, ತಲೆ ಕೊನೆಗೆ. ತೊಡೆಯ ಮೇಲೆ ಒಂದು ಬೈರಾಸು (ಟವೆಲ್) ಇರಲಿ, ಮಾನ ಅವರಿಗೂ ಇದೆ. ಸೊಸೆಯ ಕೈಯಿಂದ ಬೇಡವೆಂದರೆ ಮಗ ಮಾಡಲಿ, ಮಗನಿಂದ ಬೇಡವೆಂದರೆ ಸೊಸೆ. ದಿನಾ ಸ್ನಾನ ಆಗಲೇಬೇಕೆಂದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ನಡೆಯುತ್ತದೆ.

ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಇರ್ತದೆ.

ಸ್ಟೀಲ್ ತಟ್ಟೆ ಹೊಳೆಯುತ್ತದೆ, ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಕಾಣುವುದಿಲ್ಲ. ಬಾಳೆ ಎಲೆಯಲ್ಲಿ ಹಾಕಿ ನೋಡಿ. ಹಸಿರಿನ ಮೇಲೆ ಅನ್ನ ಎದ್ದು ಕಾಣುತ್ತದೆ, ಎಲೆ ಕಂಡರೆ ಊಟ ಎಂದು ಕೈಗೆ ತಾನಾಗಿ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದೇ ಪದಾರ್ಥ ಬಡಿಸಿ. ನೀವೂ ಎದುರಿಗೆ ಕೂತು ಉಣ್ಣಿ. ಹಲ್ಲು, ವಸಡು, ಹಲ್ಲಿನ ಸೆಟ್ಟು ನೋಡಿಸಿ, ನೋವು ಇದ್ದರೂ ಹೇಳಲು ಬರುವುದಿಲ್ಲ ಅವರಿಗೆ.

'ಸೊಸೆ ನನ್ನ ಬಳೆ ಕದ್ದಳು' ಅಂತ ಬಂದವರ ಹತ್ರ ಎಲ್ಲ ಹೇಳ್ತಾರೆ. ನನಗೆ ತಲೆ ಎತ್ತಿ ನಡೆಯಲಿಕ್ಕೆ ಆಗ್ತಿಲ್ಲ.

ಅಕ್ಕಾ, ಇದು ನಿಮ್ಮ ಮೇಲಿನ ದ್ವೇಷ ಅಲ್ಲ. ಎಲ್ಲಿಟ್ಟೆ ಎನ್ನುವುದು ನೆನಪಿಲ್ಲ, ಬಳೆ ಕಾಣುತ್ತಿಲ್ಲ, ಹತ್ತಿರ ಇರುವುದು ನೀವೊಬ್ಬರೇ. ಅವರ ತಲೆ ಆ ಮೂರನ್ನು ಜೋಡಿಸುತ್ತದೆ. ವಾದ ಮಾಡಬೇಡಿ, ಜೊತೆಗೆ ಹುಡುಕಿ. ಅಕ್ಕಿ ಡಬ್ಬಿ, ದಿಂಬಿನ ಒಳಗೆ, ಸೀರೆಯ ಮಡಿಕೆ, ಹೀಗೆ ಅವರು ಬಚ್ಚಿಡುವ ಜಾಗ ಎರಡು ಮೂರೇ ಇರುತ್ತವೆ. ಗಂಡನೂ ನಾದಿನಿಯರೂ ಎಲ್ಲರ ಎದುರು ನಿಮ್ಮ ಪರ ನಿಲ್ಲಬೇಕು. ಈ ಮಾತನ್ನು ನಾನು ಆ ಮನೆಯ ಗಂಡಸರಿಗೇ ಹೇಳುತ್ತೇನೆ.

ಗೇಟು ದಾಟಿ ಹೋಗಿಬಿಡ್ತಾರೆ. ಕೋಣೆಗೆ ಬೀಗ ಹಾಕಬಹುದಾ?

ಒಬ್ಬರನ್ನೇ ಕೋಣೆಯಲ್ಲಿ ಕೂಡಿಹಾಕುವುದು, ಕಟ್ಟಿಹಾಕುವುದು ಬೇಡವೇ ಬೇಡ. ಬೆಂಕಿಯೋ ಬಿದ್ದು ಪೆಟ್ಟೋ ಆದರೆ ಯಾರಿಗೂ ಗೊತ್ತಾಗುವುದಿಲ್ಲ, ಹೆದರಿಕೆಯೂ ಹೆಚ್ಚುತ್ತದೆ. ಅಂಗಳದಲ್ಲಿ ನಡೆಯಲು ಬಿಡಿ, ಗೇಟಿಗೋ ತಡಮೆಗೋ ಗಂಟೆ ಕಟ್ಟಿ. ನಮ್ಮ ಕಡೆ ದೊಡ್ಡ ಅಪಾಯ ಕಟ್ಟೆ ಇಲ್ಲದ ಬಾವಿ, ತೋಟದ ಕೆರೆ, ರೈಲು ಹಳಿ, ಮತ್ತೆ ಹೆದ್ದಾರಿ 66. ಬಾವಿಗೆ ಕಬ್ಬಿಣದ ಬಲೆ ಹಾಕಿಸುವುದು ಇವತ್ತೇ ಆಗಲಿ. ಕಿಸೆಯಲ್ಲಿ ಹೆಸರು, ಫೋನ್ ನಂಬರ್ ಇರುವ ಚೀಟಿ ಕನ್ನಡ, ಮಲಯಾಳಂ ಎರಡರಲ್ಲೂ ಇರಲಿ. ಬಸ್ ಕಂಡಕ್ಟರಿಗೆ, ಆಟೋ ಸ್ಟ್ಯಾಂಡಿನವರಿಗೆ, ಹತ್ತಿರದ ಅಂಗಡಿಗೆ ಮೊದಲೇ ಹೇಳಿಡಿ, ಇದರಲ್ಲಿ ನಾಚಿಕೆ ಏನೂ ಇಲ್ಲ. ಕಾಣೆಯಾದರೆ ಮೊದಲು ಬಾವಿ, ಕೆರೆ ಕಡೆ ನೋಡಿ, ಆಮೇಲೆ ಅವರ ಹಳೇ ಮನೆ, ಹಳೇ ಕೆಲಸದ ಜಾಗದ ದಾರಿ. 112ಕ್ಕೆ ಕೂಡಲೇ ಫೋನ್ ಮಾಡಿ, ಒಂದು ದಿನ ಕಾಯಬೇಕೆಂಬ ನಿಯಮ ಇಲ್ಲ.

## ಔಷಧಿ, ಹಣ, ಕಾಗದಪತ್ರ

ವಾಸಿ ಮಾಡುವ ಔಷಧಿ ಬಂದಿದೆಯಂತೆ?

ವಾಸಿ ಮಾಡುವುದು ಇಲ್ಲ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಕೆಲವರಿಗೆ ಕೆಲವು ಕಾಲ ಸ್ವಲ್ಪ ಸಹಾಯ ಮಾಡುತ್ತವೆ. ಲೆಕನೆಮ್ಯಾಬ್‌ನಂಥ ಹೊಸ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಆಲ್‌ಜೈಮರಿನ ತೀರಾ ಶುರುವಿನ ಹಂತಕ್ಕೆ ಮಾತ್ರ, ಇಳಿಯುವ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ ಅಷ್ಟೇ, ಮೆದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವೂ ಇದೆ. ನೆನಪು ಮರಳಿಸುವ ಪುಡಿ, ಎಣ್ಣೆ ಎಂದು ಮಾರುವವರಿಗೆ ಹಣ ಕೊಡಬೇಡಿ.

ರಾತ್ರಿ ಕಿರುಚಾಟ. ಒಂದು ನಿದ್ದೆ ಮಾತ್ರೆ ಕೊಡಿಸಿದ್ರೆ ಆಗದಾ?

ಎರಡು ದಿನದಲ್ಲಿ ಇದ್ದಕ್ಕಿದ್ದ ಹಾಗೆ ಶುರುವಾಗಿದ್ದರೆ ಮಾತ್ರೆಗಿಂತ ಮೊದಲು ಕಾರಣ ಹುಡುಕಿ. ಮೂತ್ರದ ಸೋಂಕು, ನಾಲ್ಕು ದಿನದ ಮಲಬದ್ಧತೆ, ಜ್ವರ, ಎಲ್ಲೋ ಗೊತ್ತಾಗದೆ ಆದ ಮೂಳೆ ಮುರಿತ, ಹೊಸ ಮಾತ್ರೆ, ನೀರು ಕಮ್ಮಿಯಾದದ್ದು, ಇವೇ ಹೆಚ್ಚು. ಅಂಥ ದಿಢೀರ್ ಬದಲಾವಣೆ ಕಂಡರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಸಿಟ್ಟು, ಭ್ರಮೆಗೆ ಕೊಡುವ ಕೆಲವು ಮಾತ್ರೆಗಳು ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಲೂಯಿ ಬಾಡಿ ಇರುವವರಿಗಂತೂ ಹ್ಯಾಲೊಪೆರಿಡಾಲ್‌ನಂಥದ್ದು ಬಹಳ ಅಪಾಯ. ಬೇಕೇ ಬೇಕಾದಾಗ ಡಾಕ್ಟರು ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ದಿನಕ್ಕೆ ಕೊಡುತ್ತಾರೆ. ಯಾವಾಗ ನಿಲ್ಲಿಸುವುದು ಎಂದು ಆಗಲೇ ಕೇಳಿ. ಹಳೇ ಚೀಟಿ ತೋರಿಸಿ ಮೆಡಿಕಲ್‌ನಿಂದ ತರುತ್ತಾ ಹೋಗಬೇಡಿ.

ಪಂಚಾಯತಿನಿಂದ, ಸರ್ಕಾರದಿಂದ ಏನಾದ್ರೂ ಸಿಗ್ತದಾ?

ಈ ವಿಷಯದಲ್ಲಿ ಕೇರಳದಲ್ಲಿರುವುದು ನಮಗೆ ಅನುಕೂಲವೇ. ಪಾಲಿಯೇಟಿವ್ ಕೇರ್‌ಗೆ 2008ರಲ್ಲೇ ನೀತಿ ಮಾಡಿದ ರಾಜ್ಯ ಇದು. ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಮನೆಗೇ ಬರುತ್ತಾರೆ. ಕ್ಯಾನ್ಸರ್ ಇದ್ದವರಿಗೆ ಮಾತ್ರ ಎಂದು ಎಷ್ಟೋ ಜನ ತಿಳಿದುಕೊಂಡಿದ್ದಾರೆ, ಹಾಗಲ್ಲ. ಆಶಾ ಕಾರ್ಯಕರ್ತೆಗೆ ಅಥವಾ ವಾರ್ಡ್ ಮೆಂಬರಿಗೆ ಹೇಳಿದರೆ ಸಾಕು. ನಗರಸಭೆಯ ವ್ಯಾಪ್ತಿಯಲ್ಲಿ 65 ದಾಟಿದವರಿಗೆ ವಯೋಮಿತ್ರಂ ಕ್ಲಿನಿಕ್ಕು, ಔಷಧಿ ಇದೆ. ಪೂರ್ತಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಯೋಜನೆಯಿಂದ ತಿಂಗಳಿಗೆ 600 ರೂಪಾಯಿ, ಅಂಗನವಾಡಿಯಲ್ಲಿ ವಿಚಾರಿಸಿ. ಮರೆವಿನ ಕಾಯಿಲೆಗೆಂದೇ ಓರ್ಮತ್ತೋಣಿ ಎಂಬ ಯೋಜನೆ ಇದೆ, ನೆನಪಿನ ದೋಣಿ ಎಂದು ಅರ್ಥ. ಡಿಮೆನ್ಶಿಯಾಕ್ಕಾಗಿ ದುಡಿಯುವ ಎಆರ್‌ಡಿಎಸ್‌ಐ ಎಂಬ ಸಂಸ್ಥೆ ಹುಟ್ಟಿದ್ದೂ ಕೇರಳದಲ್ಲೇ, 1992ರಲ್ಲಿ.

ಫಾರ್ಮು ಮಲಯಾಳಂನಲ್ಲಿದೆ ಎಂದು ಹಿಂದೆ ಸರಿಯಬೇಡಿ. ಕನ್ನಡ ಅಲ್ಪಸಂಖ್ಯಾತರು ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದೆಂದು ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಇದೆ. ಫೋನಿನಲ್ಲಿ ಕನ್ನಡದಲ್ಲಿ ಮಾತಾಡಬೇಕಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416. ಹಿರಿಯರ ಸಹಾಯವಾಣಿಯ ನಂಬರ್ 14567.

ಅಪ್ಪನ ಹೆಸರಿನಲ್ಲಿ ಜಾಗ ಇದೆ, ಬ್ಯಾಂಕಿನಲ್ಲಿ ಹಣ ಇದೆ. ಪವರ್ ಆಫ್ ಅಟಾರ್ನಿ ಮಾಡಿಸಿದ್ರೆ ಸಾಕಲ್ವಾ?

ಸಾಕಾಗುವುದಿಲ್ಲ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ಮೇಲೆ ನಮ್ಮ ದೇಶದಲ್ಲಿ ಪವರ್ ಆಫ್ ಅಟಾರ್ನಿ ನಿಲ್ಲುವುದಿಲ್ಲ. ಹಾಗಾಗಿ ತಿಳುವಳಿಕೆ ಇರುವಾಗಲೇ ಖಾತೆಯನ್ನು ಜಂಟಿ ಮಾಡಿಸಿ, ಇಬ್ಬರಲ್ಲಿ ಒಬ್ಬರು ಸಹಿ ಹಾಕಿದರೂ ನಡೆಯುವ ಥರ. ನಾಮಿನಿ ನೋಡಿ. ವಿಲ್ ಬರೆಯುವುದಿದ್ದರೆ ಬರೆಯಲಿ, ಡಾಕ್ಟರ ಸರ್ಟಿಫಿಕೇಟ್ ಜೊತೆಗಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡುವ, ತನ್ನ ಪರ ಮಾತಾಡುವವರನ್ನು ಹೆಸರಿಸುವ ಅವಕಾಶ ಇದೆ. ಹೊತ್ತು ಮೀರಿದ ಮೇಲೆ ಕೋರ್ಟಿನ ದಾರಿಯೇ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ, ಅದು ಅವರಿಗೆ ಮಾಡುವ ಮೋಸ.

ನಾನೊಬ್ಬಳೇ ನೋಡ್ಕೊಳ್ತಿದ್ದೇನೆ. ತಮ್ಮ ದುಬೈಯಲ್ಲಿ, ಅಣ್ಣ ಬೆಂಗಳೂರಿನಲ್ಲಿ. ಒಮ್ಮೊಮ್ಮೆ ಅಮ್ಮನಿಗೆ ಹೊಡೆದುಬಿಡ್ತೇನೇನೋ ಅನ್ನಿಸ್ತದೆ.

ಹೇಳಿದ್ದು ಒಳ್ಳೆಯದಾಯಿತು. ಹಾಗೆ ಅನ್ನಿಸಿದಾಗ ಅಮ್ಮ ಬೀಳದ ಹಾಗೆ ಕೂರಿಸಿ, ಅಂಗಳಕ್ಕೆ ಇಳಿದು ಹತ್ತು ನಿಮಿಷ ನಿಂತು ಬನ್ನಿ. ನಾನೂ ಅಪ್ಪನ ಕೈಯನ್ನು ಜೋರಾಗಿ ಹಿಡಿದು ಎಳೆದದ್ದಿದೆ. ಆ ಕೆಂಪು ಗುರುತು ಇನ್ನೂ ಕಣ್ಣಿಗೆ ಕಟ್ಟಿದೆ. ಅಣ್ಣತಮ್ಮಂದಿರಿಗೆ 'ಸಹಾಯ ಮಾಡಿ' ಎಂದರೆ ಕೆಲಸ ಆಗುವುದಿಲ್ಲ, ಲೆಕ್ಕ ಹೇಳಿ. ಹೋಂ ನರ್ಸಿನ ಸಂಬಳ ನಿನ್ನದು. ವರ್ಷಕ್ಕೆ ಎರಡು ಸಲ ಹದಿನೈದು ದಿನ ಬಂದು ನೀನು ನೋಡಿಕೋ, ನಾನು ಹೊರಡುತ್ತೇನೆ. ಹೀಗೆ. ಮಧ್ಯಾಹ್ನ ಎರಡು ಗಂಟೆ ಹೊತ್ತು ಬಂದು ಕೂರಲು ನೆರೆಮನೆಯವರನ್ನು, ಕುಡುಂಬಶ್ರೀ ಮಹಿಳಾ ಸ್ವಸಹಾಯ ಗುಂಪಿನವರನ್ನು ಕೇಳಿ. ಕೇಳಿದರೆ ಬರುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ.

## ಕೊನೆಯ ಹಂತ

ನುಂಗ್ತಾ ಇಲ್ಲ. ಮೂಗಿಗೆ ಪೈಪ್ ಹಾಕಿಸಿ ಅಂತಾರೆ. ಹಾಕಿಸದಿದ್ರೆ ಉಪವಾಸ ಕೆಡವಿದ ಪಾಪ ಬರ್ತದಾ?

ಡಿಮೆನ್ಶಿಯಾದ ಕೊನೆಯ ಹಂತದಲ್ಲಿ ಪೈಪಿನಿಂದ ಆಯಸ್ಸು ಹೆಚ್ಚುತ್ತದೆ, ನ್ಯುಮೋನಿಯಾ ತಪ್ಪುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಪೈಪ್ ಕೀಳದಿರಲಿ ಎಂದು ಕೈ ಕಟ್ಟುವ ಪರಿಸ್ಥಿತಿ ಬರುತ್ತದೆ. ಅದರ ಬದಲು ನೆಟ್ಟಗೆ ಕೂರಿಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ, ತೆಳು ನೀರಿಗಿಂತ ರಾಗಿ ಮಣ್ಣಿಯಂಥ ಮಂದವಾದದ್ದು, ಅವರು ತೆಗೆದುಕೊಂಡಷ್ಟು. ಬೇಡವೆಂದು ಬಾಯಿ ಮುಚ್ಚಿದರೆ ಬಾಯಿ ತೇವ ಮಾಡಿ, ಸಾಕು. ಕಾಯಿಲೆಯಿಂದ ಹಸಿವು ಆರುತ್ತಿರುವುದು, ನೀವು ಉಪವಾಸ ಕೆಡವುತ್ತಿಲ್ಲ. ಬೇರೆ ಕಾರಣದಿಂದ ತಾತ್ಕಾಲಿಕವಾಗಿ ನುಂಗಲಾಗದಿದ್ದರೆ ಮಾತು ಬೇರೆ, ಡಾಕ್ಟರಲ್ಲಿ ಅದನ್ನೇ ಬಿಡಿಸಿ ಕೇಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮುಖ ಕಿವುಚಿದರೆ, ನರಳಿದರೆ, ಮುಟ್ಟಿದಾಗ ಕೈ ತಳ್ಳಿದರೆ ನೋವಿದೆ ಎಂದು ತಿಳಿದು ಸಿಸ್ಟರಿಗೆ ಹೇಳಿ.

ನಮ್ಮ ಗುರುತೇ ಇಲ್ಲದವರಿಗೆ ಇಷ್ಟ, ಅಭ್ಯಾಸ ಅಂತ ನೋಡಿ ಏನು ಪ್ರಯೋಜನ?

ಕಡೆಯ ನಾಲ್ಕು ತಿಂಗಳು ಅಪ್ಪನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಮಾತು ನಿಂತಿತ್ತು. ಬೆರಳು ಮಾತ್ರ ಹೊದಿಕೆಯ ಮೇಲೆ ಏನನ್ನೋ ಮೊಗೆದು ಸುರಿದ ಹಾಗೆ ಆಡುತ್ತಿತ್ತು. ತುಟಿ ಅಲ್ಲಾಡುತ್ತಿತ್ತು. ಹೋಂ ನರ್ಸ್ ಹುಡುಗಿ ಕಿವಿಯಿಟ್ಟು ಕೇಳಿ, ಏನೋ 'ಲಾಭ, ಲಾಭ' ಅಂತಾರೆ, ದುಡ್ಡಿನ ಚಿಂತೆ ಇರಬೇಕು ಎಂದಳು. ನನಗೆ ಕೂಡಲೇ ಗೊತ್ತಾಯಿತು. ಹಳೇ ಅಂಗಡಿಯವರು ಅಕ್ಕಿ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎಂದು ಶುರು ಮಾಡುತ್ತಾರೆ. ಚಿಲ್ಲರೆಯ ಲೆಕ್ಕ ಎಂದೋ ಹೋಗಿತ್ತು, ಅಳತೆಯ ಎಣಿಕೆ ಉಳಿದಿತ್ತು.

ಅಟ್ಟದಿಂದ ಹಳೇ ಸೇರು ಇಳಿಸಿ, ಪರಾತದಲ್ಲಿ ಸ್ವಲ್ಪ ಕುಚ್ಚಲಕ್ಕಿ ಹಾಕಿ ಮಡಿಲಲ್ಲಿಟ್ಟೆವು. ಅವಳಿಗೂ ಹೇಳಿಕೊಟ್ಟೆ. ದಿನಾ ಮಧ್ಯಾಹ್ನ ಅವಳು ಅಪ್ಪನ ಕೈ ಹಿಡಿದು ಸೇರಿಗೆ ಅಕ್ಕಿ ತುಂಬಿಸಿ, ತನ್ನ ಮಲಯಾಳಂ ರಾಗದಲ್ಲಿ 'ಲಾಭ' ಎನ್ನುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಅಪ್ಪ 'ಎರಡು' ಎನ್ನುತ್ತಿದ್ದರು.